ಮುರ್ಸಿಯಾದ ಹಿರಿಯರಿಗೆ ‘ಹೆಂಗದೀ’ ಅಂದುಬಿಟ್ಟೆ

ಬ್ಯಾಡಗಿ_ಡಬ್ಬಿ:
ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಫ್ಯಾಕ್ಟರಿಯ ಆಫೀಸಿನಲ್ಲಿ ನನ್ನ ಕೆಲಸ. ಸ್ಪೇನಿನ ಮುರ್ಸಿಯಾದಲ್ಲೂ ಮೆಣಸಿನ ಪುಡಿಯ ವ್ಯಾಪಾರ ದೊಡ್ಡದು. ಅದಕ್ಕೆ ಅವರು ‘ಪಿಮೆಂತೋನ್’ ಅನ್ನುತ್ತಾರೆ. ಅಲ್ಲಿಯ ಗಿರಾಕಿಯೊಬ್ಬರು ಸಿಕ್ಕಿದ್ದಾರೆ, ಅರವತ್ತು ದಾಟಿದವರು. ಮೂರು ತಿಂಗಳಿಂದ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿತಿದ್ದೇನಲ್ಲ, ತೋರಿಸಿಯೇ ಬಿಡೋಣ ಅಂತ ಮೊನ್ನೆ ಸಂಜೆ 5ಕ್ಕೆ ಫೋನ್ ಮಾಡಿದೆ. ‘ಬ್ವೆನಾಸ್ ತಾರ್ದೆಸ್, ಸೆನ್ಯೋರ್’ (ಮಧ್ಯಾಹ್ನದ ಮೇಲಿನ ನಮಸ್ಕಾರ, ಸಾಹೇಬ್ರ) ಅಂತ ಹೇಳಿ, ಅವರ ಹೆಸರಿನ ಕೊನೆಯ ಪದ ಸೇರಿಸಿ, ‘ಕೋಮೋ ಎಸ್ತಾಸ್?’ ಅಂದೆ. ಅವರು ನಕ್ಕು ‘ಬ್ವೆನೋಸ್ ದಿಯಾಸ್’ (ಬೆಳಗಿನ ನಮಸ್ಕಾರ) ಅಂದರು. ಆಮೇಲೆ ಗೊತ್ತಾಯಿತು, ನಾನು ಕೇಳಿದ್ದು ‘ಹೆಂಗದೀ’ ಅಂದ ಹಾಗಂತೆ! ನಮ್ಮ ಮಾರ್ಕೆಟ್ಟಿನ ಅಡತಿ ಸಾವ್ಕಾರರಿಗೆ ಹಾಗಂದಿದ್ದರೆ ಅವತ್ತಿನ ವ್ಯವಹಾರ ಮುಗಿದಂತೆ. ಸೋಮವಾರ ಮತ್ತೆ ಮಾತಾಡಬೇಕು. ಏನ್ ಮಾಡ್ಲಿ?

ಸಾಧನಕೇರಿ_ಮಳೆ:
ಹೆದರಬೇಡಿ. ಆದರೆ ತಪ್ಪು ಒಂದಲ್ಲ, ಮೂರು.

ಚಳಿಗಾಲದಲ್ಲಿ ಸ್ಪೇನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ. ನಿಮ್ಮ ಸಂಜೆ 5 ಅಂದರೆ ಅವರಿಗೆ 12.30. ಅಲ್ಲಿ ಊಟ 2ರ ಮೇಲೆ, ಅಲ್ಲಿವರೆಗೂ ‘ಬ್ವೆನೋಸ್ ದಿಯಾಸ್’ ನಡೆಯುತ್ತದೆ. ಇನ್ನು ಅಡ್ಡಹೆಸರು. ಅವರಿಗೆ ಸಾಮಾನ್ಯವಾಗಿ ಎರಡಿರುತ್ತವೆ, ಮೊದಲು ಅಪ್ಪನದು, ಆಮೇಲೆ ಅವ್ವನದು. ‘ಗಾರ್ಸಿಯಾ ಲೋಪೆಸ್’ ಅಂತ ಇಟ್ಟುಕೊಳ್ಳಿ, ಅವರು ಸೆನ್ಯೋರ್ ಗಾರ್ಸಿಯಾ. ನೀವು ಅವರನ್ನು ಅವ್ವನ ಮನೆತನದ ಹೆಸರಿನಿಂದ ಕರೆದಿದ್ದೀರಿ.

ಮುಖ್ಯ ಮಾತು ‘ಉಸ್ತೆದ್’, ಅಂದರೆ ಮರ್ಯಾದೆಯ ‘ನೀವು’. ಇದು ‘ಬ್ವೆಸ್ತ್ರಾ ಮೆರ್ಸೆದ್’ ಸವೆದು ಆದದ್ದು. ‘ತಮ್ಮ ದಯೆ’ ಅನ್ನುವಂಥ ಮಾತು. ಅದಕ್ಕೇ ಕ್ರಿಯಾಪದ ‘ಅವರು’ ಎಂಬಂತೆ ಬರುತ್ತದೆ: ‘ಕೋಮೋ ಎಸ್ತಾ ಉಸ್ತೆದ್?’ ಹಿಂದೆ ವಾಡೆಗಳಲ್ಲಿ ಎದುರಿಗೆ ಕೂತವರನ್ನೇ ‘ಧಣ್ಯಾರು ಯಾವಾಗ ಬಂದ್ರು?’ ಅಂತ ಕೇಳುತ್ತಿದ್ದರಲ್ಲ, ಅದೇ ರೀತಿ. ನಾವು ಮರ್ಯಾದೆಗೆ ‘ರಿ’ ಹಚ್ಚುತ್ತೇವೆ, ಅವರು ‘ಎಸ್ತಾಸ್’ನಿಂದ ‘ಸ್’ ಕೀಳುತ್ತಾರೆ.

ಬೆಟಗೇರಿ_ಮಗ್ಗ:
ಹುಬ್ಬಳ್ಳಿಯಲ್ಲಿ ರಾತ್ರಿ ಪಾಳಿ ನನ್ನದು, ಲ್ಯಾಟಿನ್ ಅಮೆರಿಕದ ಫೋನುಗಳು ಬರುತ್ತವೆ. ಬೊಗೊಟಾದವರಲ್ಲಿ ಗೆಳೆಯರ ನಡುವೆಯೂ ‘ಉಸ್ತೆದ್’ ಕೇಳಿಬರುತ್ತದೆ. ಅರ್ಜೆಂಟೀನಾದವರು ‘ನೀನು’ ಅನ್ನಲು ‘ತೂ’ ಬಿಟ್ಟು ‘ಬೋಸ್’ ಅನ್ನುತ್ತಾರೆ. ನನಗಂತೂ ಆರಾಮಾಯ್ತು. ‘ತೂ’ ಅಂದರೆ ಉಗಿದ ಹಾಗೆ ಅನಿಸುತ್ತಿತ್ತು!

ಸ್ಪೇನಿನವರು ಮಾತ್ರ ಬೇಗ ‘ತೂ’ಗೆ ಇಳಿಯುತ್ತಾರೆ. ಅವರೇ ‘ತುತೆಆಮೆ’ ಅನ್ನುತ್ತಾರೆ, ಅಂದರೆ ‘ನನ್ನನ್ನು ಏಕವಚನದಲ್ಲೇ ಮಾತಾಡಿಸು’ ಅಂತ. ನಮ್ಮಲ್ಲಿ ಏಕವಚನ ಅಂದರೆ ಜಗಳದ ಶುರು, ಅಲ್ಲಿ ಸಲಿಗೆಯ ಶುರು. ಅವರು ಹೇಳುವ ತನಕ ‘ಉಸ್ತೆದ್’ ಬಿಡಬೇಡಿ.

ಸಾಧನಕೇರಿ_ಮಳೆ:
‘ದೋನ್’ ಕೂಡ ಚೆಂದ. ಆದರೆ ಅದು ಅಡ್ಡಹೆಸರಿಗಲ್ಲ, ಸ್ವಂತ ಹೆಸರಿಗೆ. ದೋನ್ ಅಂತೋನಿಯೋ ಅಂದರೆ ನಮ್ಮ ‘ಬಸಣ್ಣಾರ’ ಇದ್ದ ಹಾಗೆ.

ಬ್ಯಾಡಗಿ_ಡಬ್ಬಿ:
ಸೋಮವಾರ ಮಾತಾಡಿದೆ. ‘ಬ್ವೆನೋಸ್ ದಿಯಾಸ್, ದೋನ್...’ ಅನ್ನುತ್ತಲೇ ಜೋರಾಗಿ ನಕ್ಕರು. ಐದು ನಿಮಿಷ ಆಗಿರಲಿಲ್ಲ, ‘ತುತೆಆಮೆ’ ಅಂದೇ ಬಿಟ್ಟರು. ‘ಸಿ, ಗ್ರಾಸಿಯಾಸ್’ (ಹೂಂ, ಥ್ಯಾಂಕ್ಸ್) ಅಂದೆ, ಆದರೆ ನಾಲಿಗೆ ಹೊರಳಲಿಲ್ಲ. ನಮ್ಮಪ್ಪನ ವಯಸ್ಸಿನವರು ನೋಡ್ರಿ. ಈಗ ಅವರು ನನಗೆ ‘ತೂ’, ನಾನು ಅವರಿಗೆ ‘ಉಸ್ತೆದ್’. ಸ್ಯಾಂಪಲ್ ಕಳಿಸು ಅಂದಿದ್ದಾರೆ.