ಮೊದಲ ಪಿಸ್ತೂಲು ಯಾವುದು, ತೋಟಾ (ಕಾರ್ಟ್ರಿಜ್) ಮನೆಯಲ್ಲೇ ತುಂಬಬಹುದಾ?

ಔಂಧ್, ಪುಣೆ (ಪ್ರಶ್ನೆ): ಅಮೆರಿಕದಲ್ಲಿರೋ ಚಿಕ್ಕಪ್ಪ ಎಷ್ಟೋ ವರ್ಷಗಳಿಂದ ಗ್ಯಾರೇಜಿನಲ್ಲಿ ಕೂತು ಖಾಲಿ ತೋಟಾಗಳಿಗೆ ತಾವೇ ಮದ್ದು ತುಂಬ್ತಾರೆ. ನಾನೀಗ ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಕಲೀತಿದ್ದೀನಿ. ಯಾವುದು ಕೊಳ್ಳಲಿ? ತೋಟಾ ತುಂಬೋ ಹವ್ಯಾಸ ಇಲ್ಲೂ ಸಾಧ್ಯವಾ?

ವರ್ಲಿ, ಮುಂಬೈ: ತೋಟಾ ವಿಷಯ ಮೊದಲು. ಆ ಆಸೆ ಬಿಡಿ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಆಯುಧ ಕಾಯ್ದೆಯಡಿ ಅಪರಾಧ. ಅಲ್ಲದೆ 25 ಮೀಟರಿನಲ್ಲಿ ನಾವು ಹೊಡೆಯೋ .22 ಇಂಚಿನ ತೋಟಾ ಮತ್ತೆ ತುಂಬೋಕೆ ಬರೋದೇ ಇಲ್ಲ. ಸಿಡಿಯೋ ಮದ್ದು ತಳದ ಅಂಚಿನೊಳಗೇ ಇರುತ್ತೆ, ಪಿನ್ ಬಡಿದು ಅಂಚು ನಜ್ಜಾದರೆ ಮುಗೀತು. ಚಿಕ್ಕಪ್ಪ ತುಂಬೋದು ತಳದ ನಡುವೆ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚೋ ಪುಟ್ಟ ಬಟ್ಟಲು) ಕೂರಿಸೋ ಜಾತಿಯದ್ದು.

ಬಾಣೇರ್, ಪುಣೆ: ಶುರುವಿಗೆ 10 ಮೀಟರ್ ಏರ್ ಪಿಸ್ತೂಲೇ ಸರಿ, ಅಂದರೆ ಮದ್ದಿನ ಬದಲು ಒತ್ತಿದ ಗಾಳಿಯಿಂದ ಹೊಡೆಯೋದು. 4.5 ಮಿ.ಮೀ. ಬೋರ್ (ನಳಿಕೆಯ ಒಳಅಗಲ), 20 ಜೌಲ್ ಒಳಗಿನ ಶಕ್ತಿ ಇದ್ದರೆ ಲೈಸೆನ್ಸ್ ಬೇಡ. ಸ್ಟೈಯರ್, ಮೊರಿನಿ, ವಾಲ್ಥರ್, ಪಾರ್ದಿನಿ ಯಾವುದೂ ಕಳಪೆಯಲ್ಲ. ಮೊರಿನಿಯ ಎಲೆಕ್ಟ್ರಾನಿಕ್ ಟ್ರಿಗರ್ ಅನ್ನು ಬಹಳ ಜನ ಮೆಚ್ತಾರೆ, ನನಗೆ ಮಾತ್ರ ಬೆರಳಿಗೆ ಲೋಹದ ತಡೆ ಸಿಗೋ ಸ್ಟೈಯರ್ ಎಲ್‌ಪಿ10 ಇಷ್ಟ. ಆದರೆ ಬ್ರ್ಯಾಂಡ್‌ಗಿಂತ ಹಿಡಿ ಮುಖ್ಯ ಅಂತ ಗಟ್ಟಿಯಾಗಿ ಹೇಳ್ತೀನಿ. ಕಣ್ಣು ಮುಚ್ಚಿ ಕೈ ಎತ್ತಿ, ತೆರೆದಾಗ ಗುರಿ ನೋಡೋ ಮುಂದಿನ ಸೈಟ್ ಹಿಂದಿನದರ ಕಚ್ಚಿನ ನಡುವೆ ನಿಂತಿರಬೇಕು. ಪಕ್ಕಕ್ಕೆ ವಾಲಿದ್ದರೆ ಮರದ ಹಿಡಿಯನ್ನು ಮರಳುಕಾಗದದಲ್ಲಿ ಉಜ್ಜಿ, ಪುಟ್ಟಿ ತುಂಬಿ ಸರಿಮಾಡಿಸಿ. ಸ್ಪರ್ಧೆಗೆ ಟ್ರಿಗರ್ ಭಾರ (ಎಳೆಯೋಕೆ ಬೇಕಾದ ಬಲ) 500 ಗ್ರಾಂಗಿಂತ ಕಡಿಮೆ ಇರಬಾರದು, ಇಡೀ ಪಿಸ್ತೂಲು 1500 ಗ್ರಾಂ ಮೀರಬಾರದು. ಮಣಿಕಟ್ಟು ಸಣ್ಣದಿದ್ದರೆ ಗಿಡ್ಡ ಮಾದರಿ ನೋಡಿ. ಹಳೆಯದು ಕೊಳ್ಳೋದಾದರೆ ಗಾಳಿ ತುಂಬೋ ಸಿಲಿಂಡರ್ ಮೇಲಿನ ತಾರೀಖು ಓದದೆ ದುಡ್ಡು ಕೊಡಬೇಡಿ. 200 ಬಾರ್ ಒತ್ತಡ ತಡೆಯೋ ವಸ್ತು ಅದು, ಆಯಸ್ಸು ಸಾಮಾನ್ಯವಾಗಿ 10 ವರ್ಷ.

ಚಿಕ್ಕಪ್ಪನ ಆ ತಾಳ್ಮೆ ನಿಮ್ಮಲ್ಲೂ ಇದ್ದರೆ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಪರೀಕ್ಷೆಗೆ ಕೂತ್ಕೊಳ್ಳಿ. ಡಬ್ಬಿಯ ಮೇಲೆ 4.49, 4.50 ಅಂತ ತಲೆಯ ಅಳತೆ ಇರುತ್ತೆ. ಪಿಸ್ತೂಲನ್ನು ರೇಂಜಿನಲ್ಲೇ ಕ್ಲ್ಯಾಂಪಿಗೆ ಬಿಗಿದು, ಒಂದೊಂದು ಅಳತೆಯದ್ದನ್ನೂ ಒಂದೇ ಬಿಂದುವಿಗೆ ಹೊಡೆದು, ಯಾವುದರ ತೂತುಗಳು ಒತ್ತಾಗಿ ಕೂರುತ್ತವೆ ನೋಡಿ, ಅದೇ ಬ್ಯಾಚಿನ ಡಬ್ಬಿಗಳನ್ನು ಒಟ್ಟಿಗೆ ಕೊಂಡಿಡಿ. ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ. ಮಾತ್ರ, ಅಲ್ಲಿ ಕೂದಲೆಳೆಗೂ ಬೆಲೆಯಿದೆ. ಈ ಕೆಲಸದಲ್ಲಿ ನನಗೆ ಸಂಜೆ ಕಳೆದದ್ದೇ ಗೊತ್ತಾಗಲ್ಲ. ಪೆಲೆಟ್ ಸೀಸದ್ದು, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮಡಗಾಂವ್, ಗೋವಾ: ಹತ್ತಿರ ರೇಂಜ್ ಇಲ್ಲದ ನನ್ನಂಥವರಿಗೆ ಡ್ರೈ ಫೈರಿಂಗ್ ದೊಡ್ಡ ಆಸರೆ. ಬಿಳಿ ಗೋಡೆಯ ಮುಂದೆ, ಪೆಲೆಟ್ ಇಲ್ಲ ಅಂತ ಎರಡು ಸಲ ನೋಡ್ಕೊಂಡು, ಸೈಟ್ ಅಲುಗದ ಹಾಗೆ ಟ್ರಿಗರ್ ಎಳೀರಿ. ಕಡಲ ಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತೆ, ಮಳೆಗಾಲದಲ್ಲಿ ಎಣ್ಣೆಬಟ್ಟೆ ಪೆಟ್ಟಿಗೆಯಲ್ಲೇ ಇರಲಿ.