ಸಹಾಯ ಬೇಕು: ಉಣುಗು ಜ್ವರದ ನಂತರ ನಾಯಿಯ ಕಣ್ಣು ಮಂಜಾಗಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ತೀರ್ಥಹಳ್ಳಿ ಹತ್ತಿರ. ನಮ್ಮ ಕರಿಯ ನಾಟಿ ನಾಯಿ, ನಾಲ್ಕು ವರ್ಷ. ದಿನವಿಡೀ ತೋಟ ಸುತ್ತುತ್ತಾನೆ, ಮೈಮೇಲೆ ಉಣುಗು ತಪ್ಪಿದ್ದಲ್ಲ. ಸಂಜೆ ಕೂತು ಕೀಳುತ್ತಿದ್ದೆವು, ಅಷ್ಟು ಸಾಕು ಅಂದುಕೊಂಡಿದ್ದೆವು.

ಹದಿನೈದು ದಿನದ ಹಿಂದೆ ಊಟ ಬಿಟ್ಟ. ಜ್ವರ, ಬಿಳಚಿದ ಒಸಡು, ಒಂದು ದಿನ ಮೂಗಿನಲ್ಲಿ ರಕ್ತ. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿತ್ತು. ಉಣುಗು ಜ್ವರ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಪಾಸಿಟಿವ್. ಡಾಕ್ಸಿಸೈಕ್ಲಿನ್ 28 ದಿನ ಬರೆದಿದ್ದಾರೆ, ಇವತ್ತು 12ನೇ ದಿನ. ಜ್ವರ ಬಿಟ್ಟಿದೆ, ಮೀನು ಹಾಕಿದರೆ ಅನ್ನವೂ ತಿನ್ನುತ್ತಾನೆ.

ಈಗ ತೊಂದರೆ ಕಣ್ಣಿನದು. ಮೂರು ದಿನದಿಂದ ಎಡಗಣ್ಣು ನೀಲಿ ಮಂಜು ಕವಿದ ಹಾಗಿದೆ, ಸುತ್ತ ಕೆಂಪು. ಬಿಸಿಲಿಗೆ ಬಂದರೆ ಮುಚ್ಚಿಕೊಳ್ಳುತ್ತಾನೆ. ನಿನ್ನೆ ರಾತ್ರಿ ಜಗಲಿ ಮೆಟ್ಟಿಲಲ್ಲೇ ಎಡವಿದ. ಇದು ಯುವೈಟಿಸ್, ಕಣ್ಣಿನ ಒಳಗಿನ ಉರಿಯೂತ, ಈ ಜ್ವರದ ಜೊತೆ ಬರುತ್ತದೆ ಎಂದರು ಡಾಕ್ಟರು. ಬಿಟ್ಟರೆ ಗ್ಲಾಕೋಮಾ ಆಗಿ, ಅಂದರೆ ಕಣ್ಣಿನ ಒಳಗಿನ ಒತ್ತಡ ಏರಿ, ದೃಷ್ಟಿ ಹೋಗಬಹುದಂತೆ. ಬಣ್ಣದ ಹನಿ ಹಾಕಿ, ಗುಡ್ಡೆ ಮೇಲೆ ಹುಣ್ಣಿಲ್ಲ ಅಂತ ನೋಡಿಕೊಂಡೇ ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟರು. ಆದರೆ ಕಣ್ಣಿನ ಒತ್ತಡ ಅಳೆಯುವ ಯಂತ್ರ ಅವರಲ್ಲಿಲ್ಲ.

ಶಿವಮೊಗ್ಗ, ಮಂಗಳೂರು ಕಡೆ ನಾಯಿಯ ಕಣ್ಣಿನ ಒತ್ತಡ ನೋಡುವವರು ಗೊತ್ತಾ? ಇಲ್ಲಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೇ ಹೋಗಬೇಕಾ? ಅಷ್ಟು ದೂರ ಅವನನ್ನು ಕಾರಲ್ಲಿ ಕೂರಿಸುವುದೇ ಒಂದು ಸಾಹಸ. ನಿಮ್ಮ ನಾಯಿಗೆ ಹೀಗಾಗಿ ದೃಷ್ಟಿ ವಾಪಸ್ ಬಂದಿದ್ದರೆ, ಎಷ್ಟು ದಿನ ಹಿಡಿಯಿತು ಅಂತಲೂ ತಿಳಿಸಿ. ಮನೆಮದ್ದು ಮಾತ್ರ ಬೇಡ. ಅತ್ತೆ ಆಗಲೇ ನಂದಿಬಟ್ಟಲು ಹೂವು ಹಿಡಿದು ನಿಂತಿದ್ದಾರೆ.