ನೀಲಿ-ಬಿಳಿ ಪಿಂಗಾಣಿ ‘ಗು’ ಹೂದಾನಿ: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ಪುರಾತನ ಚೀನೀ ಕಂಚಿನ ಪಾತ್ರೆಯ ಆಕಾರದ ನೀಲಿ-ಬಿಳಿ ಹೂದಾನಿಯೊಂದು ಮಾರಾಟಕ್ಕಿದೆ. ಎತ್ತರ 42 ಸೆಂ.ಮೀ., ತುತ್ತೂರಿಯಂಥ ಬಾಯಿ, ನಡುವೆ ಉಬ್ಬು, ತಳದಲ್ಲಿ ಚೀನೀ ಚಕ್ರವರ್ತಿ ಕಾಂಗ್ಶಿಯ ಹೆಸರಿನ ನಾಲ್ಕಕ್ಷರದ ಮುದ್ರೆ. ಆ ಕಾಲದ್ದೇ ಎಂದು ಹೇಗೆ ನೋಡುವುದು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಇದು ‘ಗು’ ಆಕಾರ. ಚೀನಾದ ಪುರಾತನ ಶಾಂಗ್ ರಾಜವಂಶದ ಕಾಲದಲ್ಲಿ ಮದ್ಯದ ಕಂಚಿನ ಪಾತ್ರೆ. 17ನೇ ಶತಮಾನದಲ್ಲಿ ಚೀನಾದ ಪಿಂಗಾಣಿ ಊರಾದ ಜಿಂಗ್ಡೆಝೆನ್‌ನ ಕುಂಬಾರರು ಇದನ್ನು ದೊಡ್ಡ ಹೂದಾನಿಯಾಗಿ ಬಹಳ ಮಾಡಿದರು. ಮೊದಲು ಒಳಗೆ ಕೈ ಹಾಕಿ ನೋಡಿ. ಕತ್ತು, ಉಬ್ಬು, ಪಾದಗಳನ್ನು ಬೇರೆ ಬೇರೆಯಾಗಿ ಮಾಡಿ ತೆಳು ಜೇಡಿಯಿಂದ ಬೆಸೆಯುತ್ತಿದ್ದರು. ಬೆಸೆದ ಕಡೆ ಒಳಗೆ ಏಣು ಬೆರಳಿಗೆ ಸಿಗುತ್ತದೆ. ಅಚ್ಚಿಗೆ ಸುರಿದು ಮಾಡಿದ್ದಾದರೆ ಒಳಮೈ ನುಣುಪಾಗಿ, ಹೊರಗಿನ ಉಬ್ಬುತಗ್ಗಿನಂತೆಯೇ ಸಾಗುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟುಬಿಡಿ. ಏಣು ಇದ್ದರೂ ಹಳೆಯದೆಂದು ತೀರ್ಮಾನಿಸಬೇಡಿ, ಒಳ್ಳೆಯ ನಕಲುಗಳಲ್ಲೂ ಅದಿರುತ್ತದೆ.

ಉತ್ತರ: ಮುದ್ರೆಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಕಾಂಗ್ಶಿ ಆಳಿದ್ದು 1662ರಿಂದ 1722. ಆ ಕಾಲದ ಎಷ್ಟೋ ಪಾತ್ರೆಗಳ ತಳದಲ್ಲಿ ಬರೀ ಜೋಡಿ ವೃತ್ತವೋ ಒಂದು ಎಲೆಯೋ ಇರುತ್ತದೆ. ನಾಲ್ಕಕ್ಷರದ ಕಾಂಗ್ಶಿ ಮುದ್ರೆ 19ನೇ ಶತಮಾನದ ಕೊನೆಯ ಪಾತ್ರೆಗಳಲ್ಲೇ ಹೆಚ್ಚು.

ಪ್ರಶ್ನೆ ಕೇಳಿದವರು: ಒಳಗೆ ಏಣು ಇದೆ. ಆದರೆ ಕತ್ತಿನ ಮೇಲಿನ ಬಾಳೆಎಲೆ ಚಿತ್ತಾರದ ತುದಿಗಳು ಬಾಯಂಚಿನಲ್ಲಿ ಮೊಟಕಾಗಿವೆ.

ಉತ್ತರ: ಹಾಗಿದ್ದರೆ ಕತ್ತು ಕತ್ತರಿಸಿರುವ ಅನುಮಾನ ಬಲವಾಗಿದೆ. ಕಂಚಿನ ಗುವಿನಲ್ಲೂ ಮೇಲೇರುವ ಈ ಎಲೆಗಳ ಮೊನೆ ಅಂಚಿನೊಳಗೇ ಮುಗಿಯುತ್ತದೆ. ಬಾಯಿ ಒಡೆದಾಗ ಸುತ್ತಲೂ ಉಜ್ಜಿ ಸಮ ಮಾಡಿಬಿಡುತ್ತಾರೆ. ಅಂಚಿನ ಮೇಲೆ ಉಗುರು ಆಡಿಸಿ: ಗ್ಲೇಜ್ (ಗಾಜಿನಂಥ ಮೇಲ್ಪದರ) ಇಲ್ಲದೆ ಚಪ್ಪಟೆಯಾಗಿ ತರಿತರಿ ಎನಿಸಿದರೆ ಉಜ್ಜಿದ್ದೇ. ಅಲ್ಲಿ ಬಣ್ಣ ಬಳಿದು ಮುಚ್ಚಿದ್ದರೆ, ಮಾರುವವರನ್ನು ಕೇಳಿಕೊಂಡು ಹತ್ತಿಗೆ ಸ್ವಲ್ಪ ಅಸಿಟೋನ್ ಹಚ್ಚಿ ಒರೆಸಿ. ರಿಪೇರಿ ಬಣ್ಣ ಸಾಮಾನ್ಯವಾಗಿ ಹತ್ತಿಗೆ ಹತ್ತುತ್ತದೆ. ಕೋಬಾಲ್ಟ್ ನೀಲಿ ಗ್ಲೇಜ್ ಕೆಳಗಿರುವುದರಿಂದ ಅದಕ್ಕೇನೂ ಆಗದು. ಚಿನ್ನದ ಲೇಪವಿದ್ದ ಕಡೆ ಮಾತ್ರ ಮುಟ್ಟಿಸಬೇಡಿ. ತಳದಲ್ಲಿ ತೂತಿದೆಯೇ ಅಂತಲೂ ನೋಡಿ, ದೀಪದ ಕಂಬ ಮಾಡಲು ಕೊರೆದವು ಬಹಳ. ಕತ್ತರಿಸಿದ್ದು ಖಚಿತವಾದರೆ ಇಡೀ ಪಾತ್ರೆಯ ಬೆಲೆ ಖಂಡಿತ ಕೊಡಬೇಡಿ.

ಉತ್ತರ: ಎತ್ತುವಾಗ ಬಾಯಿ ಹಿಡಿಯಬೇಡಿ. ಒಂದು ಕೈ ಪಾದದಡಿ, ಇನ್ನೊಂದು ಉಬ್ಬಿನ ಮೇಲೆ. ಭಾರತದಲ್ಲೇ ಕೊಂಡು ಮುಂದೆ ವಿದೇಶಕ್ಕೆ ಒಯ್ಯುವ ಯೋಚನೆಯಿದ್ದರೆ, ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರಗೆ ಸಾಗಿಸುವುದನ್ನು 1972ರ ಕಾಯ್ದೆ ನಿಷೇಧಿಸಿದೆ.